ಸಮುರಾಯ್ ಸರಣಿಯ ಮುಂದಿನ ಭಾಗಗಳು: ಅಷ್ಟು ರಕ್ತ ಬೇಕಾ?

ಪರ

ಬೇಕು. 1972ರಲ್ಲಿ ಶುರುವಾದ ಜಪಾನಿನ 'ಲೋನ್ ವೂಲ್ಫ್ ಅಂಡ್ ಕಬ್' ಸಿನಿಮಾ ಸರಣಿಯನ್ನೇ ತಗೊಳ್ಳಿ. ಒಗಾಮಿ ಇತ್ತೊ, ಶೋಗನ್ (ದೇಶ ಆಳುವ ಸೇನಾಧಿಪತಿ) ಹೇಳಿದವರ ತಲೆ ಕಡಿಯುವ ಅಧಿಕಾರಿ. ಯಾಗ್ಯು ಮನೆತನದವರು ಅವನ ಹೆಂಡತಿಯನ್ನು ಕೊಲ್ಲಿಸಿ, ಅವನ ಮೇಲೆ ಸುಳ್ಳು ಆಪಾದನೆ ಹೊರಿಸುತ್ತಾರೆ. ಅವನು ಪುಟ್ಟ ಮಗ ದೈಗೊರೊನನ್ನು ಮರದ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಾಡಿಗೆ ಕೊಲೆಗಾರನಾಗಿ ಅಲೆಯುತ್ತಾನೆ. ಮೊದಲ ಭಾಗದಲ್ಲಿ ಇದನ್ನೆಲ್ಲ ಹೇಳುವುದಕ್ಕೇ ಸಾಕಷ್ಟು ಹೊತ್ತು ಹೋಗುತ್ತದೆ. ಎರಡನೆಯದಕ್ಕೆ ಆ ಭಾರವಿಲ್ಲ. ನಿರ್ದೇಶಕ ಕೆಂಜಿ ಮಿಸುಮಿ ಮಾತು ಕಡಿಮೆ ಮಾಡಿ, ಕಣ್ಣಿಗೆ ಕೆಲಸ ಕೊಡುತ್ತಾರೆ.

ಅದರಲ್ಲೊಂದು ಮರಳುದಿಬ್ಬದ ದೃಶ್ಯವಿದೆ. ಅಗಲ ಟೋಪಿಯ ಮೂವರು ಅಣ್ಣತಮ್ಮಂದಿರು. ಸುತ್ತ ಬರೀ ಮರಳು, ನರಪಿಳ್ಳೆ ಇಲ್ಲ. ಒಬ್ಬ ಬಗ್ಗಿ ಕೈಗೆ ತೊಟ್ಟ ಉಕ್ಕಿನ ಉಗುರುಗಳನ್ನು ಮರಳಿಗೆ ಚುಚ್ಚುತ್ತಾನೆ. ಒಳಗಿಂದ ರಕ್ತ ಉಕ್ಕುತ್ತದೆ. ಅಲ್ಲಿ ಜನ ಅಡಗಿದ್ದಾರೆ ಅಂತ ನಮಗೆ ಗೊತ್ತಾಗುವುದೇ ಆಗ.

ಅದೇ ಸಿನಿಮಾದಲ್ಲಿ ಅಪ್ಪ ಗಾಯಗೊಂಡು ಬೀಳುತ್ತಾನೆ. ದೈಗೊರೊ ಬೊಗಸೆಯಲ್ಲಿ ನೀರು ತರಲು ಹೋಗುತ್ತಾನೆ, ಎಲ್ಲ ಸೋರಿಹೋಗುತ್ತದೆ. ಕೊನೆಗೆ ಬಾಯಲ್ಲಿ ತುಂಬಿಕೊಂಡು ಬಂದು ಅಪ್ಪನಿಗೆ ಕುಡಿಸುತ್ತಾನೆ. ಮಕ್ಕಳನ್ನು ಕಾಯುವ ಜಿಜೊ ದೇವರ ಮುಂದಿನ ನೈವೇದ್ಯ ತೆಗೆದುಕೊಂಡವನು, ಬದಲಿಗೆ ತನ್ನ ಮೇಲಂಗಿ ಬಿಟ್ಟು ಬರುತ್ತಾನೆ. ಇಷ್ಟು ಚಿಕ್ಕ ಮಗು! ಸುತ್ತ ಅಷ್ಟು ಕ್ರೌರ್ಯ ಇರುವುದರಿಂದಲೇ ಆ ಒಂದು ಬಾಯಿ ನೀರಿಗೆ ನಮ್ಮ ಗಂಟಲು ಕಟ್ಟುವುದು. ರಕ್ತ ತೆಗೆದುಬಿಟ್ಟರೆ ಅದು ಸುಮ್ನೆ ಮುದ್ದು ಮಗುವಿನ ದೃಶ್ಯವಾಗುತ್ತಿತ್ತು.

ವಿರೋಧ

ನೀರಿನ ದೃಶ್ಯ ನನಗೂ ಇಷ್ಟವೇ. ಆದರೆ ಅದಕ್ಕೆ ಅಷ್ಟೊಂದು ಹೆಣ ಬೇಕಿತ್ತಾ?

ನಿರ್ದೇಶಕ ಅಕಿರಾ ಕುರೊಸಾವಾ ಅವರ 'ಸಂಜುರೊ' ಕೂಡ ಮುಂದಿನ ಭಾಗವೇ, 'ಯೊಜಿಂಬೊ' ಸಿನಿಮಾದ್ದು. 'ಯೊಜಿಂಬೊ' 1961ರದ್ದು, ಇದು 1962ರದ್ದು. ಕೊನೆಯಲ್ಲಿ ಇಬ್ಬರು ಎದುರುಬದುರು ನಿಲ್ಲುತ್ತಾರೆ. ತುಂಬಾ ಹೊತ್ತು ಯಾರೂ ಅಲುಗುವುದಿಲ್ಲ. ಒಂದೇ ಏಟು, ಎದೆಯಿಂದ ರಕ್ತ ಚಿಮ್ಮುತ್ತದೆ. ನೋಡುತ್ತಿದ್ದ ಹುಡುಗರು ಭೇಷ್ ಅಂದರೆ ನಾಯಕ ಸಿಡುಕುತ್ತಾನೆ. ಸತ್ತವನೂ ತನ್ನಂಥವನೇ ಅನ್ನುವುದು ಅವನ ಸಂಕಟ. ಆ ಸಾವಿಗೆ ಬೆಲೆಯಿದೆ.

ಒಗಾಮಿ ಸರಣಿಯಲ್ಲಿ ಆ ಬೆಲೆ ಕಾಣುವುದಿಲ್ಲ. 1972 ಒಂದರಲ್ಲೇ ನಾಲ್ಕು ಸಿನಿಮಾ ಬಂದವು. ಪ್ರತಿ ಸಲ ಹಿಂದಿನದಕ್ಕಿಂತ ಜಾಸ್ತಿ ಕೊಡಬೇಕಲ್ವಾ? ಮೂರನೆಯದರಲ್ಲಿ ಮಗುವಿನ ಗಾಡಿಯಿಂದಲೇ ಗುಂಡು ಹಾರುತ್ತದೆ. ಆರನೆಯದರಲ್ಲಿ ಆ ಗಾಡಿ ಹಿಮದ ಮೇಲೆ ಜಾರುತ್ತದೆ, ಹೆಣ ಎಣಿಸಲು ಆಗುವುದಿಲ್ಲ. ಮೂರನೆಯದರಲ್ಲಿ ಹೆಂಗಸರ ಮೇಲಿನ ಅತ್ಯಾಚಾರ ತೋರಿಸಿದ ಬಗೆಯನ್ನಂತೂ ನಾನು ಒಪ್ಪಲಾರೆ. ಅವರ ನೋವನ್ನು ಯಾರೂ ನಿಂತು ನೋಡುವುದಿಲ್ಲ.

1980ರಲ್ಲಿ ಅಮೆರಿಕದವರು ಮೊದಲೆರಡು ಭಾಗ ಕತ್ತರಿಸಿ 'ಶೋಗನ್ ಅಸ್ಯಾಸಿನ್' ಮಾಡಿದರು. ಮೊದಲನೆಯದರಿಂದ ಉಳಿದದ್ದು ಸ್ವಲ್ಪವೇ, ಎರಡನೆಯದರಿಂದ ಬಹುತೇಕ ಎಲ್ಲ. ಕಥೆ ಹೋದರೂ ಪರವಾಗಿಲ್ಲ, ಕಾದಾಟ ಇರಲಿ ಅಂದಹಾಗಾಯಿತು.

ಸೇಡಾದರೂ ತೀರಿತಾ? 1974ರ ಆರನೇ ಭಾಗದಲ್ಲೂ ಯಾಗ್ಯು ಮನೆತನದ ಯಜಮಾನ ರೆತ್ಸುದೊ ತಪ್ಪಿಸಿಕೊಂಡು ಹೋಗುತ್ತಾನೆ. ಕಜುವೊ ಕೊಯಿಕೆ, ಗೊಸೆಕಿ ಕೊಜಿಮಾ ಅವರ ಮೂಲ ಕಾಮಿಕ್ಸ್ 1976ರಲ್ಲಿ ಕಥೆ ಮುಗಿಸಿತು. ಸಿನಿಮಾ ಸರಣಿ ಮುಗಿಸಲೇ ಇಲ್ಲ.