ಬಂತೋ, ಬಂದಿತೋ

ಪತ್ರಿಕೆಯ ಸಂಪಾದಕರು ಫೋನು ಮಾಡಿದಾಗಲೆಲ್ಲ "ಸರ್, ಎಲ್ಲಿಗೆ ಬಂತು?" ಎಂದು ಕೇಳುತ್ತಾರೆ. ಊರಿನಿಂದ ಹೊರಟ ನೆಂಟರನ್ನು ವಿಚಾರಿಸುವ ಧಾಟಿಯ ಈ ಪ್ರಶ್ನೆಗೆ ನಾನೂ ಅದೇ ಧಾಟಿಯಲ್ಲಿ "ಮದ್ದೂರು ದಾಟಿದೆ, ಇನ್ನೇನು ಬಂದುಬಿಡುತ್ತೆ" ಎಂದು ಉತ್ತರಿಸುತ್ತೇನೆ. ಅವರಿರುವುದು ಬೆಂಗಳೂರಿನಲ್ಲಿ, ನಾನಿರುವುದು ಮೈಸೂರಿನಲ್ಲಿ; ಆದ್ದರಿಂದ ಮಾತೇನೋ ಹೊಂದಿಕೊಳ್ಳುತ್ತದೆ. ಆದರೆ ಲೇಖನವೆಂಬ ಆ ಬಸ್ಸು ಆಗಿನ್ನೂ ಮೈಸೂರಿನ ನಿಲ್ದಾಣದಲ್ಲೇ ನಿಂತಿರುತ್ತದೆ, ಕಂಡಕ್ಟರು ಕಾಫಿಗೆ ಹೋಗಿರುತ್ತಾನೆ ಎಂಬ ಸತ್ಯವನ್ನು ಅವರಿಗೆ ಹೇಳುವ ಧೈರ್ಯ ನನಗೆ ಈವರೆಗೆ ಬಂದಿಲ್ಲ.

ನಾನು ನಿಧಾನವಾಗಿ ಬರೆಯುವವನು. ನನ್ನ ಸೋದರತ್ತೆಯ ಮಗ ತನ್ನ ಮಗಳ ಮದುವೆಯ ಆರತಕ್ಷತೆಯಲ್ಲಿ ಓದಲೆಂದು ಒಂದು ಪದ್ಯ ಬರೆದುಕೊಡಲು ಕೇಳಿಕೊಂಡಿದ್ದರು. ಎರಡನೆಯ ಸಾಲಿನ ಪ್ರಾಸವೊಂದು ಕೈಕೊಟ್ಟದ್ದರಿಂದ ಆ ಪದ್ಯ ಪೂರ್ಣಗೊಂಡು ಅವರ ಕೈ ಸೇರಿದ್ದು, ಆ ದಂಪತಿಗಳ ಮಗುವಿನ ನಾಮಕರಣದ ದಿನ. ಅವರು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಚೆನ್ನಾಗಿದೆ ಭಾವ, ಇರಲಿ, ಇವಳ ಮದುವೆಗಾಗುತ್ತೆ" ಎಂದು ತೊಟ್ಟಿಲ ಕಡೆ ಕೈ ತೋರಿಸಿದರು.

ಈ ದೋಷವನ್ನು ಗುಣವೆಂದು ಸಾಧಿಸಲು ನಾನು ಬಹಳ ವರ್ಷ ಹೆಣಗಿದ್ದೇನೆ. ನಿಧಾನವೇ ಪ್ರಧಾನ ಎಂಬ ಗಾದೆಯ ಮಾತು ನನಗೆ ಮೊದಮೊದಲು ದೊಡ್ಡ ಆಸರೆಯಾಗಿತ್ತು. ಅದನ್ನು ಘಾಟಿ ರಸ್ತೆಯ ತಿರುವುಗಳಲ್ಲಿ ಮಾತ್ರ ಬರೆದಿರುತ್ತಾರೆ, ಯಾವ ಪತ್ರಿಕಾ ಕಚೇರಿಯ ಗೋಡೆಯ ಮೇಲೂ ಬರೆದಿರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಹಳಬರ ಕಡೆ ತಿರುಗಿದರೆ ಇನ್ನಷ್ಟು ಪೇಚು. ಪಂಪ ಆದಿಪುರಾಣವನ್ನು 3 ತಿಂಗಳಲ್ಲಿ, ಭಾರತವನ್ನು 6 ತಿಂಗಳಲ್ಲಿ ಬರೆದು ಮುಗಿಸಿದೆನೆಂದು ತಾನೇ ಹೇಳಿಕೊಂಡಿದ್ದಾನೆ. ಕುಮಾರವ್ಯಾಸನಂತೂ ಒಮ್ಮೆ ಇಟ್ಟ ಪದವನ್ನು ಮತ್ತೆ ಅಳಿಸದ 'ಅಗ್ಗಳಿಕೆ' ತನ್ನದೆಂದು ಸಾರಿದ್ದಾನೆ. ನನ್ನ ಮೇಜಿನ ಮೇಲೆ ಪೆನ್ಸಿಲ್ಲಿಗಿಂತ ಮೊದಲು ಸವೆಯುವುದು ರಬ್ಬರು.

ಕಡೆಗೆ ಕುವೆಂಪು ಅವರನ್ನು ಮೊರೆಹೊಕ್ಕೆ. ಶ್ರೀರಾಮಾಯಣ ದರ್ಶನಂ ಬರೆಯಲು ಅವರಿಗೆ 9 ವರ್ಷ ಹಿಡಿಯಿತೆಂಬುದನ್ನು ಒಂದು ಸಂಜೆ ಮನೆಯಲ್ಲಿ, ಯಾರೂ ಕೇಳದಿದ್ದರೂ, ಗಂಭೀರವಾಗಿ ಪ್ರಸ್ತಾಪಿಸಿದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದ ನನ್ನ ಹೆಂಡತಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದವಳು ತಲೆಯೆತ್ತದೆ, "ಒಟ್ಟು ಎಷ್ಟು ಸಾಲು?" ಎಂದು ಕೇಳಿದಳು. 22,000ಕ್ಕೂ ಹೆಚ್ಚು ಎಂದು ನಾನು ಹೆಮ್ಮೆಯಿಂದ ಹೇಳಿದೆ. ಮೂರು ಹುರುಳಿಕಾಯಿ ಮುರಿಯುವಷ್ಟರಲ್ಲಿ ಲೆಕ್ಕ ಮುಗಿಯಿತು. "ದಿನಕ್ಕೆ ಹೆಚ್ಚುಕಡಿಮೆ ಏಳು ಸಾಲಾಯಿತು. ಹಬ್ಬ, ಹುಣ್ಣಿಮೆ, ಜ್ವರ, ನೆಗಡಿ ಎಲ್ಲ ಸೇರಿಸಿಕೊಂಡು. ಅದೂ ಅವರು ಕಾಲೇಜಿನಲ್ಲಿ ಪಾಠ ಮಾಡಿಕೊಂಡು ಬರೆದದ್ದಲ್ಲವೇನ್ರೀ?" ಎಂದಳು. ನಾನು ಆ ವಾರ ಬರೆದದ್ದು ಒಟ್ಟು ನಾಲ್ಕು ಸಾಲು, ಅದರಲ್ಲಿ ಒಂದು ಶೀರ್ಷಿಕೆ. ಅರ್ಧ ಶತಮಾನದ ದುಡಿಮೆಯ ಬಳಿಕ 1995ರಲ್ಲಿ ಎಂಟನೆಯ ಸಂಪುಟದೊಂದಿಗೆ ಪೂರ್ಣಗೊಂಡ ಸಾಹಿತ್ಯ ಪರಿಷತ್ತಿನ ನಿಘಂಟಿನ ವಿಚಾರವನ್ನು ನಾನು ಎತ್ತುವ ಮೊದಲೇ ಅವಳು ಅದನ್ನೂ ಊಹಿಸಿ, "ಅವರು ಇರೋ ಪದಗಳನ್ನೆಲ್ಲ ಬರೆಯಬೇಕಿತ್ತು, ನಿಮಗೆ ಅದರಲ್ಲಿ ನಾಲ್ಕು ಆರಿಸಿದರೆ ಸಾಕು" ಎಂದು ಬಾಗಿಲು ಮುಚ್ಚಿದಳು. ಆ ಸಂಜೆಯ ನಂತರ ನನ್ನ ನಿಧಾನಕ್ಕೂ ಬರಹದ ಆಳಕ್ಕೂ ಸಂಬಂಧ ಕಲ್ಪಿಸುವುದನ್ನು ನಾನು ಬಿಟ್ಟಿದ್ದೇನೆ. ಕೆಲವರು ಕುಳ್ಳಗಿರುತ್ತಾರೆ, ಕೆಲವರು ನಿಧಾನವಾಗಿರುತ್ತಾರೆ, ಅಷ್ಟೆ.

ಚಿಕಿತ್ಸೆ ಮಾಡಿಸಿಕೊಳ್ಳಲಿಲ್ಲವೆಂದಲ್ಲ. ಮಾತನಾಡಿದರೆ ತಾನೇ ಬರೆದುಕೊಳ್ಳುವ ಸೌಲಭ್ಯವೊಂದು ಮೊಬೈಲಿನಲ್ಲಿದೆಯೆಂದು ಮಗ ಅದನ್ನು ತೋರಿಸಿಕೊಟ್ಟ. ಆದರೆ ನಾನು ಒಂದು ಪದ ಹೇಳಿ ಮುಂದಿನದನ್ನು ಹುಡುಕುವಷ್ಟರಲ್ಲಿ ಆ ಯಂತ್ರ, ಈ ಮನುಷ್ಯನ ಮಾತು ಇಲ್ಲಿಗೆ ಮುಗಿಯಿತೆಂದು ಭಾವಿಸಿ ಮೈಕನ್ನು ಮುಚ್ಚಿಬಿಡುತ್ತಿತ್ತು. ಒಮ್ಮೆ ಮಾತ್ರ ಅದು ಮುಚ್ಚದೆ ತೆರೆದೇ ಇತ್ತು. ನೋಡಿದರೆ ನನ್ನ ಲೇಖನದ ನಡುವೆ, "ಸೊಪ್ಪು ಕಟ್ಟಿಗೆ ಎಷ್ಟಪ್ಪ ಇಪ್ಪತ್ತಾ ನಿನ್ನೆ ಹದಿನೈದಕ್ಕೆ ಕೊಟ್ಟಿದ್ದೆ ಅದೂ ಬೇರಿಗೆಲ್ಲ ಮಣ್ಣು" ಎಂದು ಹೆಂಡತಿ ಬಾಗಿಲಲ್ಲಿ ಆಡಿದ ಮಾತು ಅಚ್ಚುಕಟ್ಟಾಗಿ ಮೂಡಿತ್ತು. ಇಡೀ ಪುಟದಲ್ಲಿ ಸರಾಗವಾಗಿ ಓದಿಸಿಕೊಂಡು ಹೋಗುತ್ತಿದ್ದ ಗದ್ಯ ಅದೊಂದೇ ಎಂಬುದನ್ನು ಒಪ್ಪಿಕೊಳ್ಳಬೇಕು.

ಈ ವರ್ಷ ಸಂಪಾದಕರು ಮಳೆಗಾಲದ ಸಂಚಿಕೆಗೆ ಒಂದು ಲಘು ಬರಹ ಬೇಕೆಂದಾಗ, ನನ್ನ ವೇಗವನ್ನು ಬಲ್ಲ ನಾನು ಏಪ್ರಿಲ್ ಕೊನೆಯಲ್ಲೇ ಕುಳಿತೆ. ಕುಳಿತದ್ದು ತಾರಸಿಯ ಮೇಲೆ, ಹಳೆಯ ಪಂಚೆಯ ಮೇಲೆ ಒಣಹಾಕಿದ್ದ ಅರಳು ಸಂಡಿಗೆಗೆ ಕಾವಲಾಗಿ, ಒಂದು ಕೈಯಲ್ಲಿ ಕಾಗೆ ಓಡಿಸುವ ಕೋಲು ಹಿಡಿದು. ಮೊದಲ ವಾಕ್ಯವನ್ನು 'ಮಳೆ ಬಂದಿತು' ಎಂದು ಬರೆದೆ. ಓದಿದರೆ ಪಠ್ಯಪುಸ್ತಕದ ವಾಸನೆ ಬಡಿಯಿತು. ಅಳಿಸಿ 'ಮಳೆ ಬಂತು' ಎಂದೆ. ಅದು ತೀರಾ ಸಲಿಗೆಯ ಮಾತಾಯಿತು, ಇಷ್ಟು ದಿನ ಕಾದ ಮಳೆಗೆ ಇನ್ನು ಸ್ವಲ್ಪ ಗೌರವ ಸಲ್ಲಬೇಕೆನ್ನಿಸಿತು. 'ಮಳೆ ಸುರಿಯಿತು' ಎಂದರೆ ಅದು ಬಂದದ್ದನ್ನು ಹೇಳದೆ ನೇರ ಸುರಿಸಿದಂತಾಗುತ್ತದೆ. ಹೀಗೆ ಬಂದಿತು, ಬಂತು, ಬಂದಿತು ಎಂದು ಬರೆದಳಿಸುತ್ತ ಕಾಗದ ಒಂದು ಕಡೆ ತೆಳ್ಳಗಾಗಿ ತೂತು ಬೀಳುವಂತಾಗಿದ್ದಾಗ ಅದರ ಮೇಲೆ ಒಂದು ದಪ್ಪ ಹನಿ ಬಿತ್ತು. ಬೆವರೆಂದುಕೊಂಡೆ. ಅಷ್ಟರಲ್ಲಿ ಮೆಟ್ಟಿಲುಗಳ ಮೇಲೆ ದಡದಡ ಸದ್ದಾಗಿ, "ಮಳೆ ಬಂತೂರೀ! ಏನ್ ಮಾಡ್ತಾ ಕೂತಿದೀರಿ, ಸಂಡಿಗೆ ಎತ್ತೀ!" ಎಂಬ ಕೂಗು ಕೇಳಿತು. ಪಂಚೆಯ ಎರಡು ತುದಿಗಳನ್ನು ಅವಳು, ಎರಡು ತುದಿಗಳನ್ನು ನಾನು ಹಿಡಿದು ಓಡುವಷ್ಟರಲ್ಲಿ ಭರಣಿ ಮಳೆ ಧೋ ಎಂದು ಹೊಡೆದು, ಮೂರು ಸೇರು ಅರಳಿನ ಸಂಡಿಗೆ ಮತ್ತೆ ಹಿಟ್ಟಾಗಿತ್ತು. ಆದರೆ ನನ್ನ ಕ್ರಿಯಾಪದ ಮಾತ್ರ ತೀರ್ಮಾನವಾಗಿತ್ತು. ಅವಳು 'ಬಂದಿತೂರೀ' ಎಂದು ಕೂಗಿರಲಿಲ್ಲ. ಈ ಸೂಕ್ಷ್ಮವನ್ನು ಅವಳಿಗೆ ಆಗಲೇ ವಿವರಿಸಹೋದದ್ದು ನನ್ನ ತಪ್ಪು. ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ.

ಆ ಲೇಖನ ಮದ್ದೂರು, ಚನ್ನಪಟ್ಟಣ, ಬಿಡದಿಗಳನ್ನೆಲ್ಲ ದಾಟಿ ಬೆಂಗಳೂರು ಸೇರಿದಾಗ ಗೌರಿ-ಗಣೇಶ ಮುಗಿದಿತ್ತು. ಸಂಪಾದಕರು ದೊಡ್ಡ ಮನಸ್ಸು ಮಾಡಿ, ಹಿಂಗಾರಿಗೂ ಮಳೆಯೇ ತಾನೆ ಎಂದು ಅಕ್ಟೋಬರಿನಲ್ಲಿ ಅದನ್ನು ಪ್ರಕಟಿಸಿದರು. ನಿನ್ನೆ ಅಂಚೆಯಲ್ಲಿ ಪ್ರತಿ ಬಂತು. ಕನ್ನಡಕ ಒರೆಸಿಕೊಂಡು ತೆರೆದರೆ, ಕರಡು ತಿದ್ದಿದವರು ಯಾರೋ ಮೊದಲ ವಾಕ್ಯವನ್ನು 'ಮಳೆ ಬಂದಿತು' ಎಂದು ತಿದ್ದಿದ್ದಾರೆ.

ಇದಕ್ಕೊಂದು ಆಕ್ಷೇಪಣೆಯ ಪತ್ರ ಬರೆಯಲೇಬೇಕೆಂದು ಬೆಳಿಗ್ಗೆ ಕಾಫಿ ಕುಡಿದವನೇ ಕುಳಿತಿದ್ದೇನೆ. ಈಗ ಊಟದ ಹೊತ್ತಾಯಿತು. 'ಮಾನ್ಯರೆ' ಎನ್ನುವುದೋ, 'ಮಾನ್ಯರೇ' ಎನ್ನುವುದೋ ಇನ್ನೂ ತಿಳಿಯುತ್ತಿಲ್ಲ.