ಕರಿ ಚಕ್ಕುಲಿ

ನಮ್ಮೂರಿನ ಪೇಟೆ ಬೀದಿ ಬಸ್ ನಿಲ್ದಾಣದ ಬಳಿ ಹುಟ್ಟಿ ಈಶ್ವರನ ಗುಡಿಯ ಬಳಿ ಮುಗಿಯುತ್ತದೆ. ಆ ಪುಟ್ಟ ದೂರದಲ್ಲಿ ನಾನು ಎಲ್ಲಿ ಎಡವಿದರೂ ಸುದ್ದಿ ನನಗಿಂತ ಮೊದಲು ಮನೆ ತಲುಪಿರುತ್ತಿತ್ತು. ತೊಂಬತ್ತರ ದಶಕದ ಹಾಸನ ಜಿಲ್ಲೆಯ ತಾಲ್ಲೂಕು ಊರು. ಮೊಬೈಲ್ ಇರಲಿಲ್ಲ, ಅದು ಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ. ಅಂಗಡಿಯವರಿಗೆಲ್ಲ ನಾನು ಮೇಷ್ಟ್ರ ಮಗ. ಬೇರೆ ಹೆಸರಿನ ಅಗತ್ಯ ಬೀಳಲಿಲ್ಲ.

ಬಾಡಿಗೆ ಸೈಕಲ್ ಅಂಗಡಿಯಲ್ಲಿ ನನ್ನ ಪಾಲಿಗೆ ಬರುತ್ತಿದ್ದದ್ದು ಏಳನೇ ನಂಬರಿನದು. ಬ್ರೇಕ್ ಇರಲಿಲ್ಲ, ಬೆಲ್ ಮಾತ್ರ ಜೋರಾಗಿತ್ತು. ಸೀಟಿಗೆ ಎಟುಕದ ಕಾರಣ ಒಳಪೆಡಲು ತುಳಿಯುತ್ತ ಹೊರಟವನು ಒಮ್ಮೆ ಬೆಲ್ ಬಾರಿಸುತ್ತಲೇ ಟೈಲರ್ ಅಂಗಡಿಯೊಳಗೆ ಹೋಗಿ ನಿಂತೆ. ಟೈಲರ್ ಬೈಯಲಿಲ್ಲ. ಕತ್ತಿನಲ್ಲಿದ್ದ ಟೇಪು ತೆಗೆದು, "ಹೇಗೂ ಬಂದಿದ್ದೀಯ, ಯೂನಿಫಾರಂ ಅಳತೆ ಕೊಟ್ಟು ಹೋಗು" ಎಂದರು. "ಬೆಳೆಯುವ ಹುಡುಗ" ಎಂಬ ಅಪ್ಪನ ಸೂಚನೆಯಂತೆ ಹೊಲಿದ ಆ ಚಡ್ಡಿಯೊಳಗೆ ನಾನು ಇಡೀ ನಾಲ್ಕನೇ ತರಗತಿಯನ್ನು ಒಂಟಿಯಾಗಿ ಕಳೆದೆ.

ಮುಂದಿನ ಅನಾಹುತ ಹಳದಿ ಬೋರ್ಡಿನ ಎಸ್‌ಟಿಡಿ ಬೂತಿನದು. ರಾತ್ರಿ ದರ ಇಳಿಯುವುದನ್ನು ಕಾದು ಅಪ್ಪ ನನ್ನನ್ನು ಕಳಿಸಿದರು. ಬೆಂಗಳೂರಿನ ಅತ್ತೆಗೆ, "ಅಜ್ಜಿಗೆ ಜ್ವರ ಬಿಟ್ಟಿದೆ, ಗಾಬರಿ ಬೇಡ" ಎಂದು ಹೇಳಬೇಕಿತ್ತು. ಗಾಜಿನ ಗೂಡಿನಲ್ಲಿ ನಿಂತು ಕೆಂಪು ಅಂಕಿಗಳ ಮೀಟರನ್ನೇ ನೋಡುತ್ತ, "ಅತ್ತೇ, ಅಜ್ಜಿ..." ಎಂದೆ. ಅಷ್ಟರಲ್ಲಿ ಅಂಕಿ ನೆಗೆಯಿತು. ಕೈಯಲ್ಲಿದ್ದ ಹಣ ಮುಗಿದೀತೆಂದು ಹೆದರಿ ಫೋನ್ ಇಟ್ಟುಬಿಟ್ಟೆ. ಬೆಳಗಿನ ಮೊದಲ ಬಸ್ಸಿಗೆ ಅತ್ತೆ, ಮಾವ, ಇನ್ನಿಬ್ಬರು ಬಂಧುಗಳು ಅಳುತ್ತ ಬಂದರು. ಬಾಗಿಲು ತೆರೆದದ್ದು ಅಜ್ಜಿಯೇ. ಸತ್ತರೆ ಯಾರು ಯಾರು ಬರುತ್ತಾರೆಂದು ಬದುಕಿರುವಾಗಲೇ ನೋಡಿಕೊಂಡ ತೃಪ್ತಿ ಅವರಿಗೆ ಕೊನೆಯವರೆಗೂ ಇತ್ತು. ನನ್ನ ಬೆನ್ನಿಗೆ ಬಿದ್ದದ್ದು ಬೇರೆ ಲೆಕ್ಕ.

ಆದರೆ ಇವೆಲ್ಲ ಹಿಟ್ಟಿನ ಗಿರಣಿಯ ಮುಂದೆ ಸಣ್ಣವು. ಕಲ್ಲುಗಳ ನಡುವೆ ಹಿಂದಿನವರ ಹಿಟ್ಟು ಸ್ವಲ್ಪ ಉಳಿದು ಮುಂದಿನವರ ಡಬ್ಬಿಗೆ ಬೀಳುತ್ತದೆ. ಹೀಗಾಗಿ ಯಾರ ಹಿಂದೆ ಯಾರು ಎನ್ನುವುದು ಅಲ್ಲಿ ರಾಜಕೀಯಕ್ಕಿಂತ ಸೂಕ್ಷ್ಮ. ಗೋಕುಲಾಷ್ಟಮಿಯ ಚಕ್ಕುಲಿಗೆಂದು ಅಕ್ಕಿ, ಉದ್ದಿನಬೇಳೆ ಹುರಿದು ಕೊಟ್ಟ ಅಮ್ಮ ದಾರಿಯುದ್ದಕ್ಕೂ ಜಪಿಸುವಂತೆ ಹೇಳಿದ್ದರು: "ಅಕ್ಕಿಯ ಹಿಂದೆ ಹಾಕಿಸು, ರಾಗಿಯ ಹಿಂದೆ ಬೇಡ." ನಾನು ಜಪಿಸಿದೆ ಕೂಡ. ಗಿರಣಿಯಲ್ಲಿ ಪಟ್ಟಾ ಸುತ್ತುವುದನ್ನು ನೋಡುತ್ತ ಮೈಮರೆತಾಗ, ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡಿದ್ದ ಮಾಲೀಕರು ಏನೋ ಕೇಳಿದರು. ಆ ಸದ್ದಿನಲ್ಲಿ ಒಂದಕ್ಷರ ಕೇಳಿಸಲಿಲ್ಲ. ಹಿರಿಯರು ಕೇಳಿದಾಗ ತಲೆಯಾಡಿಸುವುದು ಮರ್ಯಾದೆ ಎಂದು ತಲೆಯಾಡಿಸಿದೆ. "ರಾಗಿಯ ಹಿಂದೆ ಹಾಕಲೇ?" ಎಂದು ಅವರು ಕೇಳಿದ್ದರೆಂಬುದು ಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದಾಗ ತಿಳಿಯಿತು. ಬೂದು ಬಣ್ಣದ ಹಿಟ್ಟು ಎಣ್ಣೆಯಲ್ಲಿ ಕಪ್ಪಾಯಿತು. ಅಮ್ಮ ಹಟಕ್ಕೆ ಬಿದ್ದು ಎಲ್ಲವನ್ನೂ ಕರಿದರು, ಹಂಚಿದರು ಕೂಡ. ಕೃಷ್ಣನೂ ಕಪ್ಪು ಎಂದು ಅಪ್ಪ ಸಮಜಾಯಿಷಿ ಹೇಳಿದ್ದು ಯಾರಿಗೂ ರುಚಿಸಲಿಲ್ಲ. ಚಕ್ಕುಲಿ ಮಾತ್ರ, ನಿಜ ಹೇಳಬೇಕೆಂದರೆ, ಚೆನ್ನಾಗಿಯೇ ಇತ್ತು.

ಈಚೆಗೆ ಊರಿಗೆ ಹೋಗಿದ್ದೆ. ರಸ್ತೆ ಅಗಲೀಕರಣಕ್ಕೆ ಟೈಲರ್ ಅಂಗಡಿಯ ಮುಂಭಾಗ ಹೋಗಿದೆ; ಈಗ ಸೈಕಲ್ ನುಗ್ಗಿಸಲೂ ಜಾಗವಿಲ್ಲ. ಎಸ್‌ಟಿಡಿ ಬೂತ್ ಜೆರಾಕ್ಸ್ ಅಂಗಡಿಯಾಗಿ, ಮೊಬೈಲ್ ರೀಚಾರ್ಜಿಗೆ ತಿರುಗಿ, ಸದ್ಯ ಬಾಗಿಲು ಹಾಕಿದೆ. ಏಳನೇ ನಂಬರಿಗೆಂದು ನಾನು ಕೂಡಿಟ್ಟಿದ್ದ ನಾಲ್ಕಾಣೆಗಳು ಅಮ್ಮನ ಸಾಸಿವೆ ಡಬ್ಬಿಯಲ್ಲಿ ಇನ್ನೂ ಇವೆ. 2011ರ ಜೂನ್ 30ರಿಂದ ಅವು ಚಲಾವಣೆಯಲ್ಲಿಲ್ಲ. ನನ್ನ ತಪ್ಪುಗಳೂ ಹಾಗೆಯೇ ರದ್ದಾಗಿರಬೇಕೆಂಬ ಧೈರ್ಯದಲ್ಲಿ ಗಿರಣಿಗೆ ಹೋದೆ. ಅದೊಂದು ಇನ್ನೂ ನಡೆಯುತ್ತಿದೆ, ಮಾಲೀಕರ ಮಗ ನಡೆಸುತ್ತಿದ್ದಾರೆ. ಅವರು ನನ್ನನ್ನು ನೋಡಿ, ಮೋಟರ್ ಆರಿಸಿ, ಪ್ರತಿ ಅಕ್ಷರವೂ ಕೇಳಿಸುವಂತೆ ನಿಧಾನವಾಗಿ ಕೇಳಿದರು:

"ನೀವು ಕರಿ ಚಕ್ಕುಲಿ ಮೇಷ್ಟ್ರ ಮಗ ಅಲ್ಲವೇ?"

ತಲೆಯಾಡಿಸಿದೆ.