ಮಾರ್ಗದರ್ಶಕರು ಬರುತ್ತಿದ್ದಾರೆ, ಬ್ಯಾನರ್ ಕಟ್ಟಿ

ಮಲೆನಾಡಿನ ಹೊಸನಗರದ ಕಡೆಯ ಯಾವುದಾದರೂ ಮಜರೆ ಹಳ್ಳಿಯ ಏಕೋಪಾಧ್ಯಾಯ ಶಾಲೆಗೆ ಹೊಸ ಮೇಷ್ಟ್ರು ಹಾಜರಾದರೆ ಅವತ್ತೇ ಅವರಿಗೆ ಬಡ್ತಿ. ಬೆಳಿಗ್ಗೆ ಸಹಶಿಕ್ಷಕ, ಮಧ್ಯಾಹ್ನಕ್ಕೆ ಪ್ರಭಾರ ಮುಖ್ಯಶಿಕ್ಷಕ. ಹಿಂದಿನವರು ಬೀರುವಿನ ಬೀಗದ ಕೈ, ದಾಸ್ತಾನು ವಹಿ, ನಲಿ-ಕಲಿ ಕಾರ್ಡುಗಳ ಪೆಟ್ಟಿಗೆ ಒಪ್ಪಿಸಿ ಸಂಜೆ ಬಸ್ಸು ಹತ್ತುತ್ತಾರೆ. ಐದು ತರಗತಿ, ಒಂದು ಕುರ್ಚಿ.

ಇಂಥ ಹೊಸಬರಿಗೆ ದಾರಿ ತೋರಿಸುವವರಿಲ್ಲ ಎಂದು ಯಾರೂ ದೂರುವಂತಿಲ್ಲ. ಮಾರ್ಗದರ್ಶನಕ್ಕೆ ಒಂದು ರಾಷ್ಟ್ರೀಯ ಮಿಷನ್ನೇ ಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬರೆದಿದೆ. ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ವೃತ್ತಿಪರ ಕಲಿಕೆ ಎಂದೂ ಹೇಳಿದೆ. ಆ ಮಿಷನ್ ದೆಹಲಿಯಿಂದ ಹೊರಟು ಘಟ್ಟದ ಶಾಲೆ ಮುಟ್ಟುವಷ್ಟರಲ್ಲಿ ವಾಟ್ಸಾಪ್ ಗುಂಪಾಗಿರುತ್ತದೆ.

ಗುಂಪಿನ ಕಲಿಸುವ ಶಕ್ತಿಯನ್ನು ಹಗುರವಾಗಿ ಎಣಿಸಬೇಡಿ. ಹದಿನಾಲ್ಕು ಮಕ್ಕಳಿಗೆ ತಲಾ 100 ಗ್ರಾಂ ಅಕ್ಕಿಯಂತೆ 1 ಕಿಲೋ 400 ಗ್ರಾಂ, ಹಾಲಿನ ಪುಡಿ ತಲಾ 18 ಗ್ರಾಂನಂತೆ 252 ಗ್ರಾಂ. ಇಬ್ಬರು ಜ್ವರವೆಂದು ಬರದಿದ್ದರೆ ಉಳಿಯುವ 36 ಗ್ರಾಂ ಪುಡಿಯನ್ನು ಯಾವ ಕಾಲಮ್ಮಿನಲ್ಲಿ ತೋರಿಸಬೇಕೆಂದು ರಾತ್ರಿ ಹತ್ತಕ್ಕೂ ಉತ್ತರ ಸಿಗುತ್ತದೆ. ಆ ಇಬ್ಬರು ತಪ್ಪಿಸಿಕೊಂಡ ಪಾಠಕ್ಕೆ ಮಾತ್ರ ಕಾಲಮ್ಮಿಲ್ಲ. ಎಸ್‌ಎಟಿಎಸ್, ಯುಡೈಸ್ ಎಂಬ ಸರ್ಕಾರಿ ಜಾಲತಾಣಗಳಿಗೆ ಮಕ್ಕಳ, ಶಾಲೆಯ ಮಾಹಿತಿ, ಶೌಚಾಲಯದ ಫೋಟೋ, ಕೈತೊಳೆಯುವ ಫೋಟೋ, ಎಲ್ಲವೂ "ತುರ್ತು, ಇಂದೇ". ನೆಟ್‌ವರ್ಕ್ ಸಿಗುವುದು ಶಾಲೆ ಹಿಂದಿನ ಗುಡ್ಡದ ಮೇಲಾದ್ದರಿಂದ ಮೇಷ್ಟ್ರ ಆರೋಗ್ಯವೂ ಸುಧಾರಿಸುತ್ತದೆ, ರಕ್ತ ಹೀರುವ ಉಂಬಳಗಳದ್ದೂ.

ಇನ್ನು ಮಾರ್ಗದರ್ಶಕರ ಭೇಟಿ. ಅವರೂ ಪಾಪ ಇಪ್ಪತ್ತು ಕಿಲೋಮೀಟರ್ ಆಚೆಯ ಶಾಲೆಯವರು. ಇಲ್ಲಿಗೆ ಬರಬೇಕಾದರೆ ಅಲ್ಲಿನ ಮಕ್ಕಳನ್ನು ಬಿಟ್ಟು ಬರಬೇಕು. ಬಂದವರು ಮೊದಲು ಸಂದರ್ಶಕರ ಪುಸ್ತಕ ಕೇಳುತ್ತಾರೆ. ಆಮೇಲೆ ಬ್ಯಾನರ್ ಮುಂದೆ ಫೋಟೋ. ಅದರಲ್ಲಿ ಅಕ್ಷಾಂಶ, ರೇಖಾಂಶ, ಸಮಯ ಮೂಡಿರಬೇಕು, ಇಲ್ಲದಿದ್ದರೆ ಮಾರ್ಗದರ್ಶನ ನಡೆದಿದ್ದೇ ಸುಳ್ಳು. ಚಹಾ ಆದ ಮೇಲೆ "ಏನೂ ತೊಂದರೆ ಇಲ್ವಲ್ಲ?" ಎಂದು ಕೇಳಲಾಗುತ್ತದೆ. ಕೊನೇ ಬಸ್ಸು ಮೂರೂವರೆಗೆ ಎಂದು ತಿಳಿದ ಯಾವ ಹೊಸಬರೂ "ಇದೆ" ಅನ್ನುವುದಿಲ್ಲ.

ಹಳೇ ಕಾಲದ ಕೆಲವು ಮೇಷ್ಟ್ರುಗಳಿಗೆ ಒಂದು ಕೆಟ್ಟ ಚಾಳಿಯಿತ್ತು: ಕ್ಲಾಸಿನ ಹಿಂದೆ, ಮಕ್ಕಳ ಪಕ್ಕ, ಚಾಪೆ ಮೇಲೆ ಕೂತು ನಲವತ್ತು ನಿಮಿಷ ಬಾಯಿ ಮುಚ್ಚಿಕೊಂಡು ನೋಡುವುದು. ಇದರಿಂದ ಆಗುವ ಅನಾಹುತ ನೋಡಿ. ಹೊಸ ಮೇಷ್ಟ್ರು ಬೋರ್ಡಿಗೆ ಮುಖಮಾಡಿ ದಶಕ ತೆಗೆದುಕೊಂಡು ಕಳೆಯುವ ಲೆಕ್ಕವನ್ನು ಸೊಗಸಾಗಿ ಮುಗಿಸಿ "ಅರ್ಥ ಆಯ್ತಾ?" ಅನ್ನುತ್ತಾರೆ. "ಆಯ್ತು ಸಾರ್!" ಅನ್ನುತ್ತದೆ ನಾಲ್ಕನೇ ತರಗತಿ. ಹಿಂದೆ ಕೂತವರಿಗೆ ಮಾತ್ರ ನೋಟ್‌ಬುಕ್ ಕಾಣುತ್ತದೆ: 52ರಲ್ಲಿ 27 ಕಳೆದರೆ 35. ಎರಡರಲ್ಲಿ ಏಳು ಹೋಗದು ಎಂದು ಮಗು ಏಳರಲ್ಲೇ ಎರಡನ್ನು ಕಳೆದಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಹಿಂದೊಮ್ಮೆ ಹೇಳಿಕೊಟ್ಟಿದ್ದನ್ನು ನಿಷ್ಠೆಯಿಂದ ಪಾಲಿಸುತ್ತಿದೆ. ಇದಕ್ಕೆ ಬೋರ್ಡಿನ ಮೇಲೆ ಇನ್ನೊಮ್ಮೆ ಲೆಕ್ಕ ಮಾಡಿ ಫಲವಿಲ್ಲ. ಹತ್ತು ಹತ್ತು ಕಡ್ಡಿಯ ಐದು ಕಟ್ಟು, ಬಿಡಿ ಎರಡು ಕಡ್ಡಿ ಮುಂದಿಟ್ಟು "ಏಳು ಕೊಡು" ಅನ್ನಬೇಕು. ಒಂದು ಕಟ್ಟು ಬಿಚ್ಚದೆ ವಿಧಿಯಿಲ್ಲ ಎಂದು ಮೊದಲು ಕೈಗೆ ಗೊತ್ತಾಗಬೇಕು.

ಪಾಠ ಮುಗಿದ ಮೇಲೆ ಆ ಹಳಬರು ಕಾಲು ಗಂಟೆ ಮಾತಾಡುತ್ತಿದ್ದರು, ಅದೂ ಒಂದೇ ವಿಷಯ. ಹತ್ತು ತಪ್ಪು ಎತ್ತಿ ಹೇಳಿದರೆ ಹೊಸಬರು ಹತ್ತನ್ನೂ ಬಿಟ್ಟು ಹೇಳಿದವರ ಮುಖವನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಮುಂದಿನ ಸಲ ಅದೇ ಲೆಕ್ಕವನ್ನು ತಾವೇ ಮಾಡಿ ತೋರಿಸುತ್ತಿದ್ದರು, ಹೊಸಬರು ಚಾಪೆ ಮೇಲೆ. ಪರೀಕ್ಷಾರ್ಥ ಅವಧಿಯ ವರದಿ ಬರೆಯುವವರೇ ನೋಡಲು ಬಂದರೆ ಇದು ಸಾಗದು. ಆಗ ಹೊಸಬರು ಬಾರದ್ದನ್ನು ಕೇಳುವುದಿಲ್ಲ, ಬರುವ ಪಾಠವನ್ನೇ ಮೂರನೇ ಸಲ ಮಾಡುತ್ತಾರೆ. ಉತ್ತರ ಗೊತ್ತಿರುವ ಮಕ್ಕಳೂ ತುಂಬು ಹೃದಯದಿಂದ ಸಹಕರಿಸುತ್ತಾರೆ.

ಮಲೆನಾಡಿನಲ್ಲಿ ಹೊಸಬರಿಗೆ ಹೇಳಿಕೊಡಬೇಕಾದ್ದು ಇನ್ನೂ ಇದೆ. ಆಗುಂಬೆ ಕಡೆಯ ಜುಲೈ ಮಳೆ ಶೀಟಿನ ಮೇಲೆ ಬಿದ್ದರೆ ಮೇಷ್ಟ್ರ ದನಿ ಎರಡನೇ ಸಾಲಿಗೂ ಮುಟ್ಟುವುದಿಲ್ಲ. ಗಟ್ಟಿ ಓದು, ಪದ್ಯ ಬಿಸಿಲಿಗೆ ಇಟ್ಟುಕೊಂಡು ಆ ಹೊತ್ತಿಗೆ ಬರವಣಿಗೆ, ಕಡ್ಡಿ ಲೆಕ್ಕ, ಜೋಡಿ ಕೆಲಸ ಹಚ್ಚಬೇಕು. ಬೋರ್ಡು ಬೆವರುತ್ತದೆ, ಥಂಡಿ ಹಿಡಿದ ಚಾಕ್‌ಪೀಸ್ ಮೂಡುವುದಿಲ್ಲ. ಡಬ್ಬಿಯನ್ನು ಬಿಸಿಯೂಟದ ಒಲೆ ಹತ್ತಿರ ಇಡಬೇಕು. ಕಾರ್ಡುಗಳಿಗೆ ಬೂಷ್ಟು ಹಿಡಿಯುತ್ತದೆ. ಹಳ್ಳ ದಾಟಿ ಬರುವ ಮಕ್ಕಳನ್ನು ಮಳೆ ಜೋರಾದ ದಿನ ಕಾಲುಸಂಕದವರೆಗೆ ಯಾರು ಬಿಡುತ್ತಾರೆಂದು ಮೊದಲ ವಾರವೇ ಕೇಳಿಕೊಳ್ಳಬೇಕು. ಅಡಿಕೆ ಸುಲಿತದ ದಿನಗಳಲ್ಲಿ ತೂಕಡಿಸುವ ಮಗು ಸೋಮಾರಿಯಲ್ಲ, ರಾತ್ರಿ ಚಪ್ಪರದಡಿ ಅಪ್ಪ ಅಮ್ಮನ ಜೊತೆ ಎದ್ದಿತ್ತು. ಇದೆಲ್ಲ ತರಬೇತಿಯ ಯಾವ ಮಾಡ್ಯೂಲಿನಲ್ಲೂ ಬರುವುದಿಲ್ಲ. ಅಲ್ಲಿರುವುದು ಹವಾಮಾನ ನಕ್ಷೆ: ಮಕ್ಕಳು ದಿನಾ ಮುಳ್ಳು ತಿರುಗಿಸಿ ಇಂದು ಬಿಸಿಲೋ ಮೋಡವೋ ಮಳೆಯೋ ತೋರಿಸಬೇಕು. ಜೂನಿನಲ್ಲಿ ಒಮ್ಮೆ ಮಳೆಗೆ ತಿರುಗಿದ ಮುಳ್ಳು ಅಲ್ಲೇ ತುಕ್ಕು ಹಿಡಿಯುತ್ತದೆ.

ವರ್ಷದ ಕೊನೆಗೆ "ಹೊಸ ಶಿಕ್ಷಕರಲ್ಲಿ ಕಂಡುಬಂದ ಬದಲಾವಣೆ" ಎಂಬ ಕಾಲಮ್ಮಿಗೆ "ತೃಪ್ತಿಕರ" ಎಂದು ಬರೆಯಲಾಗುತ್ತದೆ. ಅಷ್ಟರಲ್ಲಿ ಅಕ್ಕಪಕ್ಕದ ಹಿರಿಯರೆಲ್ಲ ವರ್ಗಾವಣೆ ಕೌನ್ಸೆಲಿಂಗಿನಲ್ಲಿ ಘಟ್ಟ ಬಿಟ್ಟಿರುತ್ತಾರೆ. ಉಳಿದವರಲ್ಲಿ ಹಿರಿಯರು ಇವರೇ, ಹಾಗಾಗಿ ಮುಂದಿನ ಮಾರ್ಗದರ್ಶಕರೂ ಇವರೇ. ಅದಕ್ಕೆ ಶಿವಮೊಗ್ಗದಲ್ಲಿ ಎರಡು ದಿನದ ತರಬೇತಿ; ವಿಷಯ, ಏಕೋಪಾಧ್ಯಾಯ ಶಾಲೆಯ ಸಮರ್ಥ ನಿರ್ವಹಣೆ. ಆ ಎರಡು ದಿನ ಇವರ ಶಾಲೆಗೆ ಪಕ್ಕದ ಶಾಲೆಯವರನ್ನು ನಿಯೋಜಿಸಲಾಗಿದೆ. ಅವರೂ ಅದೇ ತರಬೇತಿಯಲ್ಲಿ, ಮುಂದಿನ ಸಾಲಿನಲ್ಲೇ ಕೂತಿದ್ದಾರೆ.